ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳಿನ ತೊಂದರೆ) ಅಂತ ಗೊತ್ತಾಗಿ ಮೂರು ವಾರ ಆಯ್ತು. ಮನೆ ಊಟ, ಬಸ್ಸು, ಕ್ಲಾಸು ಹೇಗೆ ನಿಭಾಯಿಸ್ತಿದ್ದೀರಿ?

ಕಾವೇರಿತೀರ, ಮೈಸೂರು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡಿದ್ದೆ, ಇವತ್ತು ಬರೀಲೇಬೇಕು ಅನ್ನಿಸ್ತು.

ನನಗೆ 36 ವರ್ಷ. ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಪಾಠ ಮಾಡ್ತೀನಿ. ಮನೆ ಮೈಸೂರಲ್ಲಿ, ದಿನಾ ಬಸ್ಸಲ್ಲಿ ಹೋಗಿ ಬರೋದು. ಹೋದ ವರ್ಷ ಬೇಸಿಗೇಲಿ ಒಂದು ಮದುವೆ ಊಟ ಮಾಡ್ಕೊಂಡು ಬಂದ ಮಾರನೇ ದಿನ ಜೋರು ವಾಂತಿ ಭೇದಿ ಹತ್ಕೊಂಡು ಎರಡು ದಿನ ಡ್ರಿಪ್ಸ್ ಹಾಕಿಸ್ಕೊಂಡೆ. ಜ್ವರ ಬಿಡ್ತು, ವಾಂತಿ ನಿಂತಿತು, ಹೊಟ್ಟೆ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ. ಬೆಳಿಗ್ಗೆ ಕಾಫಿ ಕುಡಿದು ಹತ್ತು ನಿಮಿಷ ಆಗಿರಲ್ಲ, ಹೊಕ್ಕಳ ಕೆಳಗೆ ಎಡಗಡೆ ಒದ್ದೆ ಬಟ್ಟೆ ಹಿಂಡಿದ ಹಾಗೆ ನುಲಿಯತ್ತೆ. ಹೋಗಿ ಬಂದ್ರೆ ಸ್ವಲ್ಪ ಹಗುರ. ತಿಂಡಿ ತಿಂದ ಕೂಡಲೇ ಮತ್ತೆ. ಬಸ್ಸು ಹತ್ತೋ ಹೊತ್ತಿಗೆ ಮೂರು ಸಲ ಆಗಿರತ್ತೆ, ಆದ್ರೂ ಇನ್ನೂ ಇದೆ ಅನ್ನಿಸ್ತಾನೇ ಇರತ್ತೆ. ಸಾಯಂಕಾಲಕ್ಕೆ ಹೊಟ್ಟೆ ಉಬ್ಬರಿಸಿ ಸೀರೆ ನೆರಿಗೆ ಸಡಿಲ ಮಾಡ್ಕೋಬೇಕು.

ಮೊದಲು ತೋರಿಸಿದ ಕಡೆ ರಿಪೋರ್ಟ್ ನೋಡಿ "ಎಲ್ಲ ನಾರ್ಮಲ್ ಇದೆಯಮ್ಮ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಅಂತ ಗ್ಯಾಸಿನ ಮಾತ್ರೆ ಬರೆದು ಕಳಿಸಿಬಿಟ್ರು. ಒಂದು ವರ್ಷ ಆ ಮಾತ್ರೆ ನುಂಗಿದ್ದೇ ಬಂತು. ಈಗ ನೋಡ್ತಿರೋ ಡಾಕ್ಟರ್ ಇಪ್ಪತ್ತು ನಿಮಿಷ ಕೂರಿಸ್ಕೊಂಡು ಕೇಳಿದ್ರು. ರಕ್ತ, ಥೈರಾಯ್ಡ್, ಸೀಲಿಯಾಕ್ ಅಂದ್ರೆ ಗೋಧಿಯ ಗ್ಲುಟನ್ ಆಗದ ಕಾಯಿಲೆಯ ಪರೀಕ್ಷೆ, ಕರುಳಲ್ಲಿ ಊತ ಇದೆಯಾ ಅಂತ ನೋಡೋಕೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಲ್ಲ ಮಾಡಿಸಿ, ಇದು ಐಬಿಎಸ್, ಭೇದಿ ಜಾಸ್ತಿ ಇರೋ ಬಗೆ ಅಂದ್ರು. ಅವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಸಮಾಧಾನಕ್ಕೆ ಅತ್ತೆನೋ ಭಯಕ್ಕೆ ಅತ್ತೆನೋ ಗೊತ್ತಿಲ್ಲ.

ಮನೇಲಿ ಸಮಸ್ಯೆ ಬೇರೆ. "ಏನೂ ಇಲ್ಲ ಅಂದ್ರಂತಲ್ಲ" ಅಂತ ನಮ್ಮತ್ತೆ ಚಾಮುಂಡಿಗೆ ತುಪ್ಪದ ದೀಪ ಹಚ್ಚಿದ್ರು. ಅವರ ಸಂತೋಷ ನಿಜವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ "ಏನೂ ಇಲ್ಲ" ಅನ್ನೋ ಮಾತಾದ ಮೇಲೆ ನನಗೆ ನೋವು ಅಂತ ಬಾಯಿ ಬಿಡೋಕೇ ಆಗ್ತಿಲ್ಲ. ಅತ್ತೆ ಪಾಂಡವಪುರದ ಕಡೆಯವರು, ಭಾನುವಾರ ಅಂದ್ರೆ ಬಸ್ಸಾರು ಮುದ್ದೆ. ಹೋದ ಭಾನುವಾರ ನಾನು ಬೇಡ ಅಂದೆ. ಬಡಿಸೋಕೆ ಎತ್ತಿದ್ದ ಸೌಟನ್ನ ಹಾಗೇ ಪಾತ್ರೆಗೆ ಬಿಟ್ಟು ಒಳಗೆ ಹೋದ್ರು. ಅವತ್ತು ಅವರೂ ಸರಿಯಾಗಿ ಊಟ ಮಾಡಲಿಲ್ಲ.

ನೀವೆಲ್ಲ ಏನು ತಿಂತೀರಿ, ಏನು ಬಿಟ್ಟಿದ್ದೀರಿ? ಮನೆಯವರಿಗೆ ಏನಂತ ಹೇಳಿದ್ರಿ? ನಲವತ್ತು ನಿಮಿಷದ ಪಿರಿಯಡ್ ಮಧ್ಯೆ ಬಂದುಬಿಟ್ರೆ ಏನು ಮಾಡಲಿ? ದಯವಿಟ್ಟು ಅನುಭವ ಹೇಳಿ.

ಹುಣಸೆಮರ, ಶ್ರೀರಂಗಪಟ್ಟಣ

ಸೌಟಿನ ಮಾತು ಓದಿ ಕಣ್ಣು ತುಂಬಿ ಬಂತು. ನಮ್ಮನೇಲಿ ಅಮ್ಮ ದೃಷ್ಟಿ ತೆಗೆದು ತೆಗೆದು ಸಾಕಾಗಿದ್ರು. ನನಗೆ ನಾಲ್ಕು ವರ್ಷದಿಂದ ಇದೆ. ಒಂದು ಮಾತು ಹೇಳ್ತೀನಿ, ಮೊದಲ ಮೂರು ತಿಂಗಳ ಹಾಗೆ ಯಾವಾಗಲೂ ಇರಲ್ಲ.

ರಾತ್ರಿಪಾಳಿ, ಮೈಸೂರು

ಅಕ್ಕ, ನಾನು ಸ್ಟಾಫ್ ನರ್ಸ್, ಹೊಟ್ಟೆ-ಕರುಳಿನ ವಿಭಾಗದಲ್ಲೇ ಎಂಟು ವರ್ಷ ಆಯ್ತು. ಪಾಳಿ ಮುಗಿಸಿ ಬಂದು ಬರೀತಿದ್ದೀನಿ, ಉದ್ದ ಆಗತ್ತೆ, ಕ್ಷಮಿಸಿ.

ರಿಪೋರ್ಟ್ ನಾರ್ಮಲ್ ಅಂದ್ರೆ ಕರುಳಿನ ಗೋಡೇಲಿ ಹುಣ್ಣು, ಊತ, ಗಡ್ಡೆ ಕಾಣಿಸಲಿಲ್ಲ ಅಂತ ಅಷ್ಟೇ ಅರ್ಥ. ಕರುಳು ಕಿವುಚೋ ವೇಗ, ಅಲ್ಲಿನ ನರಗಳು ಮಿದುಳಿಗೆ ಕಳಿಸೋ ಸುದ್ದಿ ಮಾಮೂಲಿ ಸ್ಕ್ಯಾನಲ್ಲಿ ಕಾಣಲ್ಲ. ಗುದನಾಳದೊಳಗೆ ಚಿಕ್ಕ ಬಲೂನು ಇಟ್ಟು ನಿಧಾನಕ್ಕೆ ಗಾಳಿ ತುಂಬಿ ನೋಡೋ ಪರೀಕ್ಷೆಗಳನ್ನ 1970ರ ದಶಕದಿಂದಲೇ ಮಾಡಿದ್ದಾರೆ. ಬೇರೆಯವರಿಗೆ ಬರೀ ತುಂಬಿದ ಹಾಗೆ ಅನ್ನಿಸೋ ಅಳತೆಗೇ ಐಬಿಎಸ್ ಇರೋ ಎಷ್ಟೋ ಜನಕ್ಕೆ ನೋವು ಶುರುವಾಗತ್ತೆ. ನಿಮ್ಮ ನೋವು ನೀವು ಕಲ್ಪಿಸ್ಕೊಂಡಿದ್ದಲ್ಲ. ಮನೇಲಿ ಯಾರಾದ್ರೂ ಕೇಳಿದ್ರೆ ಈ ಬಲೂನಿನ ವಿಷಯ ಹೇಳಿ.

ಇನ್ನೊಂದು. ಏನೂ ಸಿಗದೇ ಹೋದಾಗ ಅಂಟಿಸೋ ಹೆಸರು ಇದು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಹಾಗಲ್ಲ, ಲಕ್ಷಣ ನೋಡಿ ಇದನ್ನ ಗುರುತಿಸೋಕೆ ಡಾಕ್ಟರುಗಳು ಬಳಸೋ ರೋಮ್ ಮಾನದಂಡ ಅಂತ ಇದೆ, ಅದರ ನಾಲ್ಕನೇ ಆವೃತ್ತಿ 2016ರಲ್ಲಿ ಬಂತು. ಅದರ ಪ್ರಕಾರ ಮೂರು ತಿಂಗಳಿಂದ ಸರಾಸರಿ ವಾರಕ್ಕೆ ಒಂದು ದಿನವಾದ್ರೂ ಹೊಟ್ಟೆನೋವು ಇರಬೇಕು. ಜೊತೆಗೆ ಆ ನೋವಿಗೂ ಮಲವಿಸರ್ಜನೆಗೂ ಸಂಬಂಧ ಇರೋದು, ಹೋಗೋ ಲೆಕ್ಕ ಬದಲಾಗಿರೋದು, ಮಲದ ರೂಪ ಬದಲಾಗಿರೋದು, ಈ ಮೂರರಲ್ಲಿ ಎರಡಾದ್ರೂ ಇರಬೇಕು. ಶುರುವಾಗಿ ಆರು ತಿಂಗಳಾದ್ರೂ ಕಳೆದಿರಬೇಕು. ನೀವು ಬರೆದಿರೋದು ಅದಕ್ಕೆ ಸರಿಯಾಗಿ ಕೂರತ್ತೆ. ಜೋರು ವಾಂತಿ ಭೇದಿ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಆಮೇಲೆ ಐಬಿಎಸ್ ಅಂಟ್ಕೊಳ್ಳತ್ತೆ, ಮದುವೆ ಊಟದ ನಂತರ ನಿಮಗಾಗಿದ್ದು ಬಹುಶಃ ಅದೇ.

ಕಾಫಿ ಕುಡಿದ ಕೂಡಲೇ ಹೋಗಬೇಕು ಅನ್ನಿಸೋದು ಯಾಕೆ ಅಂದ್ರೆ, ಹೊಟ್ಟೆಗೆ ಏನಾದ್ರೂ ಬಿದ್ದ ತಕ್ಷಣ ದೊಡ್ಡ ಕರುಳು ಮುಂದಕ್ಕೆ ತಳ್ಳೋಕೆ ಶುರು ಮಾಡತ್ತೆ. ಹಸುಗೂಸು ಹಾಲು ಕುಡಿದ ಕೂಡಲೇ ಹೇಲೋದು ಇದಕ್ಕೇ. ಎಲ್ಲರಿಗೂ ಇರೋ ಗುಣ, ನಿಮಗೆ ಜೋರಾಗಿದೆ.

ಎರಡು ವಾರ ಒಂದು ನೋಟ್‌ಬುಕ್ ಇಡಿ. ಏನು ತಿಂದ್ರಿ, ಎಷ್ಟೊತ್ತಿಗೆ, ನೋವು ಯಾವಾಗ, ಮಲ ಹೇಗಿತ್ತು, ಮುಟ್ಟಿನ ದಿನ, ನಿದ್ದೆ. ಮಲದ ರೂಪಕ್ಕೆ ಬ್ರಿಸ್ಟಲ್ ಪಟ್ಟಿ ಅಂತ ಇದೆ, ಒಂದರಿಂದ ಏಳರವರೆಗೆ ನಂಬರು. "ಇವತ್ತು ಆರು" ಅಂತ ಬರೆದ್ರೆ ಡಾಕ್ಟರಿಗೂ ಗೊತ್ತಾಗತ್ತೆ, ನಿಮಗೆ ಬರೆಯೋಕೆ ಮುಜುಗರವೂ ಇರಲ್ಲ.

ಇದನ್ನ ಓದ್ತಿರೋ ಎಲ್ಲರಿಗೂ ಹೇಳ್ತೀನಿ. ಮಲದಲ್ಲಿ ರಕ್ತ, ಪ್ರಯತ್ನ ಪಡದೇ ತೂಕ ಇಳಿಯೋದು, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ರಕ್ತಹೀನತೆ, ಬಿಡದ ಜ್ವರ, ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಆಗಿರೋದು, ಐವತ್ತರ ಹತ್ತಿರ ಬಂದ ಮೇಲೆ ಹೊಸದಾಗಿ ಶುರುವಾಗಿರೋದು, ಇಂಥದ್ದು ಯಾವುದಿದ್ರೂ ಐಬಿಎಸ್ ಇರಬಹುದು ಅಂತ ಮನೇಲಿ ಕೂರಬೇಡಿ. ಹೋಗಿ ತೋರಿಸಿ.

ಸಕ್ಕರೆನಾಡು, ಮದ್ದೂರು

ಅಕ್ಕಾ, ನಂದು ಉಲ್ಟಾ. ಮೂರು ದಿನುಕ್ಕೊಂದ್ಸಲ, ಅದೂ ಮೇಕೆ ಹಿಕ್ಕೆ ಇದ್ದಂಗೆ. ಹೊಟ್ಟೆ ತಮಟೆ ಆಗ್ಬುಡದು. ಆರು ವರ್ಸ ಯಾರ್ಗೂ ಹೇಳ್ಲಿಲ್ಲ ಕಣಕ್ಕ. ಗಂಡಸು ಇಂಥದ್ನ ಹೆಂಗೆ ಹೇಳ್ಕಳದು ಅಂತ. ಹೆಂಡ್ರಿಗೂ ಹೇಳಿರ್ಲಿಲ್ಲ. ಗದ್ದೆ ತಾವ ನೋವು ಬಂದಾಗ ಬದು ಮೇಲೆ ಮಂಡಿ ಎದೆಗೆ ಒತ್ಕಂಡು ಕೂತಿರ್ತಿದ್ದೆ.

ನಾರು ತಿನ್ನು ನಾರು ತಿನ್ನು ಅಂತ ಯಾರೋ ಹೇಳುದ್ರು ಅಂತ ಗೋಧಿ ಬೂಸಾ ಹಾಲ್ಗೆ ಹಾಕ್ಕಂಡು ತಿಂದೆ. ಸತ್ತೇ ಹೋಯ್ತೀನಿ ಅನ್ನಂಗೆ ಉಬ್ಬುಕತ್ತು. ಆಮೇಲೆ ಡಾಕ್ಟ್ರು ಬುಡಿಸಿ ಹೇಳುದ್ರು, ನೀರಲ್ಲಿ ಕರಗೋ ನಾರೇ ಬ್ಯಾರೆ, ಕರಗ್ದೆ ಇರದೇ ಬ್ಯಾರೆ, ನಮ್ಮಂಥೋರ್ಗೆ ಕರಗದು ಒಗ್ತದೆ, ಇಸಬ್ಗೋಲ್ ತಗಳಿ ಅಂತ. ಒಂದೇ ಸಲಕ್ಕೆ ಜಾಸ್ತಿ ತಗಬೇಡಿ. ಮೊದಲ್ನೇ ವಾರ ಒಂದು ಟೀ ಚಮಚ, ದೊಡ್ಡ ಲೋಟದ ತುಂಬ ನೀರು. ನೀರು ಕಮ್ಮಿ ಆದ್ರೆ ಅದೇ ಕಟ್ಕತದೆ. ನಿಧಾನುಕ್ಕೆ ಎರಡು ಚಮಚಕ್ಕೆ ಬಂದೆ. ಎರಡು ತಿಂಗಳು ಬೇಕಾಯ್ತು.

ಬೀಗ್ರೂಟದ್ದು ಒಂದು ಹೇಳ್ತೀನಿ. ಎಲೆ ಮುಂದೆ ಕೂತ್ಕಂಡು ಬ್ಯಾಡ ಅಂದ್ರೆ ಅವ್ರಿಗೂ ಬೇಜಾರು, ನಾಕ್ ಜನದ ಮುಂದೆ ನಮ್ಗೂ ಬೇಜಾರು. ಕೂರಕ್ಕೆ ಮುಂಚೆನೇ ಬಡ್ಸೋರ್ನ ಪಕ್ಕುಕ್ಕೆ ಕರ್ದು "ಅಣ್ಣ, ಡಾಕ್ಟ್ರು ಪಥ್ಯ ಹೇಳವ್ರೆ, ಅನ್ನ, ಎರಡು ಪೀಸು, ಸಾರು ಕಮ್ಮಿ" ಅನ್ಬುಡಿ. ಪಥ್ಯ ಅಂದ್ರೆ ನಮ್ ಕಡೆ ಯಾರೂ ಬಲವಂತ ಮಾಡಕಿಲ್ಲ. ಐಬಿಎಸ್ಸು ಪೈಬಿಎಸ್ಸು ಅಂದ್ರೆ ಯಾರ್ಗೂ ಅರ್ಥ ಆಗಕಿಲ್ಲ, ಪಥ್ಯ ಅಂದ್ರೆ ಎಲ್ಲಾರ್ಗೂ ಅರ್ಥ ಆಯ್ತದೆ.

ಕಾವೇರಿತೀರ, ಮೈಸೂರು

ಅಣ್ಣಾ, ಆ ಪಥ್ಯ ಅನ್ನೋ ಪದ ನನಗೆ ಹೊಳೆದೇ ಇರಲಿಲ್ಲ. ತುಂಬಾ ಉಪಕಾರ.

ಇಂಗಿನಒಗ್ಗರಣೆ, ಮೈಸೂರು

ನೋಡಮ್ಮ, ನನಗೀಗ 64. ಮೂವತ್ತು ವರ್ಷದಿಂದ ಈ ಹೊಟ್ಟೆ ಜೊತೆ ಬಾಳುವೆ ಮಾಡಿದ್ದೀನಿ. ನಮ್ಮ ಕಾಲದಲ್ಲಿ ಪಂಡಿತರು ಗ್ರಹಣಿ ಅನ್ನೋರು, ಮಜ್ಜಿಗೆ ಕುಡೀರಿ ಅನ್ನೋರು. ಹಾಲು ಕುಡಿದ್ರೆ ಆಗದ ನನಗೆ ಚೆನ್ನಾಗಿ ಹುಳಿ ಬಂದ ಮಜ್ಜಿಗೆ ಈಗಲೂ ಒಗ್ಗತ್ತೆ.

ಆರು ವರ್ಷದ ಹಿಂದೆ ಡಯಟಿಷಿಯನ್ ಒಬ್ಬರು ಈರುಳ್ಳಿ, ಬೆಳ್ಳುಳ್ಳಿ ಸ್ವಲ್ಪ ದಿನ ಪೂರ್ತಿ ಬಿಡಿ ಅಂದಾಗ ಮನೇಲಿ ಎಲ್ಲರೂ ಹೌಹಾರಿದ್ರು. ಆಮೇಲೆ ಯೋಚನೆ ಮಾಡಿದ್ರೆ, ಹಬ್ಬದ ದಿನ, ತಿಥಿ ದಿನ, ಏಕಾದಶಿ ಮಾರನೇ ದಿನ ನಾವು ಮಾಡೋ ಅಡುಗೇಲಿ ಅದೆರಡೂ ಇರೋದೇ ಇಲ್ಲವಲ್ಲ! ತಿಳಿಸಾರು, ಗೊಜ್ಜು, ಕೋಸಂಬರಿ ಬಿಟ್ಟು ಪಲ್ಯ, ಮೇಲುಕೋಟೆ ಕಡೆಯ ಪುಳಿಯೋಗರೆ. ಇಂಗು, ಜೀರಿಗೆ, ಮೆಣಸು, ಕರಿಬೇವು, ತೆಂಗಿನಕಾಯಿ ಇದ್ರೆ ಅಡುಗೆ ರುಚಿ ಕೆಡಲ್ಲ. ಹಬ್ಬದ ಅಡುಗೇನ ವಾರದ ದಿನಕ್ಕೆ ತಂದೆ ಅಷ್ಟೇ.

ಬೆಳ್ಳುಳ್ಳಿ ಘಮ ಬೇಕೇ ಬೇಕು ಅನ್ನೋರಿಗೆ ಒಂದು ಉಪಾಯ ಇದೆ. ಹೊಟ್ಟೆಗೆ ಆಗದ ಅಂಶ ನೀರಲ್ಲಿ ಕರಗತ್ತೆ, ಎಣ್ಣೇಲಿ ಕರಗಲ್ಲ. ನಾಲ್ಕು ಎಸಳು ಇಡಿಯಾಗಿ ಎಣ್ಣೇಲಿ ಹೊಂಬಣ್ಣ ಬರೋವರೆಗೂ ಹುರಿದು, ಎಸಳೆಲ್ಲ ಆರಿಸಿ ತೆಗೆದು, ಆ ಎಣ್ಣೇಲಿ ಸಾಸಿವೆ ಸಿಡಿಸಿ. ಒಂದು ಚೂರೂ ಸಾರಿಗೆ ಬೀಳಬಾರದು. ಅವತ್ತವತ್ತಿಗೆ ಮಾಡ್ಕೋಬೇಕು, ಬಾಟಲಿಗೆ ಹಾಕಿ ಹೊರಗೆ ಇಟ್ಕೊಂಡ್ರೆ ವಿಷ ಆಗೋ ಅಪಾಯ ಇದೆ.

ಕಾಫಿ ಪುಡೀಲಿ ಚಿಕೋರಿ ಎಷ್ಟಿದೆ ನೋಡಿ. ಅದೂ ಒಂದು ಬೇರು, ಅದರಲ್ಲೂ ಈರುಳ್ಳಿಯಲ್ಲಿರೋ ಜಾತಿಯ ಅಂಶವೇ ಇರೋದು. ನಾನು ಅಂಗಡೀಲಿ ನಿಂತು ಬರೀ ಬೀಜದ ಪುಡಿ ಮಾಡಿಸ್ಕೊಂಡು ಬರ್ತೀನಿ, ಅದೂ ಅರ್ಧ ಲೋಟ, ಏನಾದ್ರೂ ತಿಂದ ಮೇಲೆ. ಮದ್ದೂರು ವಡೆ ಮಾತ್ರ ಬಿಟ್ಟಿದ್ದೀನಮ್ಮ, ಈರುಳ್ಳಿ ಇಲ್ಲದೆ ಅದು ಆ ವಡೆಯೇ ಅಲ್ಲ. ರೈಲಲ್ಲಿ ಮಾರಿಕೊಂಡು ಬಂದಾಗ ಈಗಲೂ ಆಸೆ ಆಗತ್ತೆ.

ಬಳಕೆದಾರ 4471

ಕರುಳು ಶುದ್ಧಿ ಪುಡಿ 21 ದಿನ ತಗೊಳ್ಳಿ, ಬೇರು ಸಮೇತ ಹೋಗತ್ತೆ. ನಂಬರ್ ಬೇಕಾದ್ರೆ ಮೆಸೇಜ್ ಮಾಡಿ.

ಹೆಬ್ಬಾಳ್ ಸೆಕೆಂಡ್‌ಸ್ಟೇಜ್, ಮೈಸೂರು

ಮೇಲಿನವರಿಗೆ ಯಾರೂ ಮೆಸೇಜ್ ಮಾಡಬೇಡಿ. ಇಂಥ ಪುಡೀಲಿ ಸಾಮಾನ್ಯವಾಗಿ ಸೋನಾಮುಖಿ ಇರತ್ತೆ, ಅದು ಭೇದಿ ಮಾಡಿಸೋ ಎಲೆ. ಭೇದಿ ಇರೋರಿಗೆ ಇನ್ನೂ ಭೇದಿ ಮಾಡಿಸೋ ಮದ್ದು ಕೊಟ್ಟ ಹಾಗೆ. ನಾನು ಅನುಭವಿಸಿ ಹೇಳ್ತಿದ್ದೀನಿ.

ಕಾವೇರಿತೀರ ಮೇಡಂ, ನಾನು ಮಾಡಿದ ದೊಡ್ಡ ತಪ್ಪು ಇನ್ನೊಂದಿದೆ, ನೀವು ಮಾಡಬಾರದು ಅಂತ ಬರೀತಿದ್ದೀನಿ. ಇಂಟರ್ನೆಟ್ಟಲ್ಲಿ ಲೋ ಫಾಡ್‌ಮ್ಯಾಪ್ ಅಂತ, ಕರುಳಲ್ಲಿ ಹುದುಗಿ ಗ್ಯಾಸ್ ಮಾಡೋ ಸಕ್ಕರೆಗಳನ್ನ ಕಮ್ಮಿ ಮಾಡೋ ಊಟದ ಪದ್ಧತಿ ಬಗ್ಗೆ ಓದಿ, ಪಟ್ಟೀಲಿ ಇದ್ದಿದ್ದನ್ನೆಲ್ಲ ಒಂದೇ ದಿನ ಬಿಟ್ಟೆ. ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಹಾಲು, ಬೇಳೆ, ಮಾವು, ಸೇಬು, ಕಲ್ಲಂಗಡಿ. ಮೂರು ವಾರಕ್ಕೆ ಹೊಟ್ಟೆ ತಣ್ಣಗಾಯ್ತು. ಅಷ್ಟಕ್ಕೇ ಹೆದರಿ ಯಾವುದನ್ನೂ ವಾಪಸ್ ತರಲಿಲ್ಲ. ಹನ್ನೊಂದು ತಿಂಗಳು ಅನ್ನ, ಕ್ಯಾರೆಟ್, ಮೊಟ್ಟೆ. ಒಂಬತ್ತು ಕೆಜಿ ಇಳಿದೆ. ತಂಗಿ ಮದುವೇಲಿ ಎಲ್ಲರೂ ಪಂಕ್ತೀಲಿ ಕೂತಾಗ ನಾನು ಕಾರಲ್ಲಿ ಕೂತು ಡಬ್ಬಿ ತಿಂದೆ. ಅಪ್ಪ ಬಂದು ಕಿಟಕಿ ಹತ್ತಿರ ನಿಂತ್ಕೊಂಡಿದ್ರು, ಏನೂ ಮಾತಾಡಲಿಲ್ಲ.

ಆ ಪದ್ಧತಿ ರೂಪಿಸಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು. ಅವರೇ ಹೇಳಿರೋದು, ಬಿಡೋ ಹಂತ 2ರಿಂದ 6 ವಾರ ಮಾತ್ರ. ಆಮೇಲೆ ಒಂದೊಂದೇ ಪದಾರ್ಥ ವಾಪಸ್ ತರಬೇಕು, ಮೂರು ದಿನ, ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ. ಯಾವುದು ಆಗಲ್ಲ, ಎಷ್ಟರವರೆಗೆ ಆಗತ್ತೆ ಅಂತ ತಿಳ್ಕೊಂಡು ಉಳಿದಿದ್ದೆಲ್ಲ ತಿನ್ನಬೇಕು. ತಿಳಿದವರು ಕೂರಿಸಿ ಇದನ್ನ ಹೇಳಿದ ಮೇಲೆ ನನಗೆ ಗೊತ್ತಾಗಿದ್ದು, ಗೋಧಿ ನನಗೆ ಏನೂ ಮಾಡಲ್ಲ. ಹನ್ನೊಂದು ತಿಂಗಳು ಸುಮ್ಮನೆ ಬಿಟ್ಟಿದ್ದೆ. ಡಯಟಿಷಿಯನ್ ಇಲ್ಲದೇ ಶುರು ಮಾಡಬೇಡಿ, ದಯವಿಟ್ಟು.

ಕಾವೇರಿತೀರ, ಮೈಸೂರು

ಹನ್ನೆರಡು ದಿನದ ಡೈರಿ ಆಯ್ತು. ಒಂದು ವಿಚಿತ್ರ ಕಾಣಿಸ್ತಿದೆ, ಕೇಳ್ತೀನಿ. ಎರಡು ಭಾನುವಾರವೂ ಮನೇಲಿ ಕಾಳು-ಸೊಪ್ಪಿನ ಬಸ್ಸಾರು, ಅದೇ ಕಾಳಿನ ಪಲ್ಯ. ಮೊದಲ ಭಾನುವಾರ ಅತ್ತೆಗೆ ಬೇಜಾರಾಗಬಾರದು ಅಂತ ಸಾರು ಹಾಕಿಸ್ಕೊಂಡೆ, ಪಲ್ಯ ಮುಟ್ಟಲಿಲ್ಲ. ರಾತ್ರಿಯೆಲ್ಲ ನೋವು. ಮುಂದಿನ ಭಾನುವಾರ ಪಲ್ಯ ಒಂದು ಹಿಡಿ ತಿಂದೆ, ಸಾರು ಬಿಟ್ಟೆ. ಅಷ್ಟು ತೊಂದರೆ ಆಗಲಿಲ್ಲ. ಕಾಳೇ ಕಾರಣ ಆಗಿದ್ರೆ ಪಲ್ಯದಲ್ಲೇ ತಾನೇ ಜಾಸ್ತಿ ಆಗಬೇಕಿದ್ದದ್ದು?

ರಾತ್ರಿಪಾಳಿ, ಮೈಸೂರು

ಅಕ್ಕ, ಡೈರಿ ಬರೆದಿದ್ದಕ್ಕೂ ಸಾರ್ಥಕ! ಕಾಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಅಂತ ಸಕ್ಕರೆಗಳಿವೆ. ಅವನ್ನ ಒಡೆಯೋ ಕಿಣ್ವ ಯಾವ ಮನುಷ್ಯರ ಸಣ್ಣ ಕರುಳಲ್ಲೂ ಇಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಹುದುಗಿಸಿ ಗ್ಯಾಸ್ ಮಾಡ್ತವೆ. ಎಲ್ಲರಿಗೂ ಗ್ಯಾಸ್ ಆಗತ್ತೆ, ನಿಮ್ಮ ನರಕ್ಕೆ ಅದು ನೋವಾಗಿ ಕೇಳಿಸತ್ತೆ.

ಈ ಸಕ್ಕರೆ ನೀರಲ್ಲಿ ಕರಗೋ ಅಂಥದ್ದು. ನೆನೆಸಿದ ನೀರಿಗೆ ಒಂದಷ್ಟು, ಬೇಯಿಸಿದ ನೀರಿಗೆ ಇನ್ನೊಂದಷ್ಟು ಇಳಿದಿರತ್ತೆ. ಬಸ್ಸಾರು ಅಂದ್ರೇನೇ ಆ ಬಸಿದ ನೀರು. ಅದಕ್ಕೆ ಈರುಳ್ಳಿ ಬೆಳ್ಳುಳ್ಳಿ ಹುರಿದು ರುಬ್ಬಿದ ಖಾರ ಬೇರೆ. ಉಪ್ಸಾರೂ ಅಷ್ಟೇ. ನೆನೆಸಿದ ನೀರು ಚೆಲ್ಲಿ, ಬೇಯಿಸಿದ ನೀರನ್ನೂ ಬಸಿದು ಬಿಟ್ಟರೆ ಕಾಳು ಸ್ವಲ್ಪ ಸ್ವಲ್ಪ ತಿನ್ನಬಹುದು. ನಮ್ಮ ಕಡೆ ಆ ನೀರಲ್ಲೇ ರುಚಿ ಇರೋದು, ಗೊತ್ತು. ಬರೆಯೋಕೆ ನನಗೂ ಸಂಕಟ ಆಗತ್ತೆ.

ಸಕ್ಕರೆನಾಡು, ಮದ್ದೂರು

ಅಲ್ಲಾ, ಇಷ್ಟ್ ವರ್ಸ ಆಗಿತ್ತು, ಯಾರೂ ಹಿಂಗೆ ಬುಡಿಸಿ ಹೇಳಿರ್ಲಿಲ್ಲ. ಅವ್ರೆಕಾಯಿ ಕಾಲ ಬಂತು ಅಂದ್ರೆ ಎರಡು ತಿಂಗಳು ನಂಗೆ ಗ್ರಾಚಾರ.

ಹುಣಸೆಮರ, ಶ್ರೀರಂಗಪಟ್ಟಣ

ಇದನ್ನ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನಗೆ ಡಾಕ್ಟರ್ ಅಮಿಟ್ರಿಪ್ಟಿಲೀನ್ ಬರೆದಾಗ ಔಷಧಿ ಅಂಗಡಿಯ ಹುಡುಗ "ಇದು ಡಿಪ್ರೆಶನ್ ಮಾತ್ರೆ ಮೇಡಂ" ಅಂತ ಎಲ್ಲರ ಮುಂದೆ ಜೋರಾಗಿ ಹೇಳಿದ. ಮನೆಗೆ ತಂದು ನಾಲ್ಕು ತಿಂಗಳು ಬೀರುವಲ್ಲಿ ಇಟ್ಟಿದ್ದೆ. ವಾಪಸ್ ಹೋದಾಗ ಡಾಕ್ಟರ್ ಬಯ್ಯಲಿಲ್ಲ. ಡಿಪ್ರೆಶನ್‌ಗೆ ಕೊಡೋ ಅಳತೆಯ ಸಣ್ಣ ಪಾಲು ಇದು, ಕರುಳು-ಮಿದುಳಿನ ನಡುವಿನ ನೋವಿನ ಸುದ್ದೀನ ತಗ್ಗಿಸೋಕೆ ಕೊಡ್ತಿರೋದು ಅಂದ್ರು. ಇಂಗ್ಲೆಂಡಲ್ಲಿ 463 ಜನರನ್ನಿಟ್ಟುಕೊಂಡು ಆರು ತಿಂಗಳು ಮಾಡಿದ ಅಧ್ಯಯನ 2023ರಲ್ಲಿ ಬಂದಿದೆ, ದಿನಕ್ಕೆ 10ರಿಂದ 30 ಮಿಲಿಗ್ರಾಂ ತಗೊಂಡವರಿಗೆ ಬರೀ ಸಕ್ಕರೆ ಮಾತ್ರೆಯಂಥದ್ದು ತಗೊಂಡವರಿಗಿಂತ ಚೆನ್ನಾಗಿ ಗುಣ ಕಾಣಿಸ್ತು ಅಂತಲೂ ಹೇಳಿದ್ರು. ನನಗೆ ಬಾಯಿ ಒಣಗತ್ತೆ, ಬೆಳಿಗ್ಗೆ ಸ್ವಲ್ಪ ಮಂಪರು. ಆದ್ರೆ ಎರಡು ವರ್ಷದ ಮೇಲೆ ಮೊದಲ ಸಲ ಮಗಳ ಸ್ಕೂಲ್ ಡೇಗೆ ಕೊನೇವರೆಗೂ ಕೂತಿದ್ದೆ. ಎಲ್ಲರಿಗೂ ಬೇಕಾಗಲ್ಲ. ಬರೆದುಕೊಟ್ಟರೆ ನಾಚಿಕೆಯಿಂದ ಬೀರುವಲ್ಲಿ ಮಾತ್ರ ಇಡಬೇಡಿ.

ಓಡಾಟ ಅರವತ್ತು, ಮಂಡ್ಯ

ಬಸ್ಸಿನ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಮೇಡಂ, ರೈಲಿಗೆ ಬನ್ನಿ. ಮಂಡ್ಯ-ಮೈಸೂರು 45 ಕಿಲೋಮೀಟರ್, ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಬೋಗಿಗೆ ಬೋಗಿ ಶೌಚಾಲಯ ಇದೆ, ತಿಂಗಳ ಪಾಸೂ ಸಿಗತ್ತೆ. ನಾನು ಬಾಗಿಲ ಹತ್ತಿರದ ಸೀಟು ಹಿಡೀತೀನಿ. ಮುಕ್ಕಾಲು ಪಾಲು ದಿನ ಎದ್ದು ಹೋಗೋದೇ ಇಲ್ಲ. ಇದೆ ಅಂತ ಗೊತ್ತಿದ್ರೆ ಸಾಕು, ಹೊಟ್ಟೆ ಸುಮ್ಮನಿರತ್ತೆ. ಬಸ್ಸಲ್ಲಿ ಇಲ್ಲ ಅಂತ ಗೊತ್ತಾದ ಕೂಡಲೇ ಶ್ರೀರಂಗಪಟ್ಟಣ ದಾಟೋ ಮುಂಚೆನೇ ಶುರುವಾಗೋದು.

ಅರ್ಧ ಗಂಟೆ ಮುಂಚೆ ಏಳಿ. ತಿಂಡಿ ಆದ ಮೇಲಿನ ಎರಡನೇ ಸುತ್ತು ಮನೇಲೇ ಮುಗೀಬೇಕು. ಬ್ಯಾಗಲ್ಲಿ ಒಂದು ಜೊತೆ ಒಳಬಟ್ಟೆ, ಟಿಶ್ಯೂ ಇರಲಿ. ಪ್ರಯಾಣಕ್ಕೆ ಮುಂಚೆ ಭೇದಿ ತಡೆಯೋ ಲೋಪೆರಮೈಡ್ ಮಾತ್ರೆ ತಗೋಬಹುದಾ ಅಂತ ನಿಮ್ಮ ಡಾಕ್ಟರನ್ನ ಕೇಳಿ, ನನಗೆ ಪರೀಕ್ಷೆ ಡ್ಯೂಟಿ ದಿನಕ್ಕೆ ಮಾತ್ರ ಕೊಟ್ಟಿದ್ದಾರೆ. ಕ್ಲಾಸಿನ ವಿಷಯಕ್ಕೆ ಎಚ್.ಎಂ. ಹತ್ತಿರ ನೇರ ಮಾತಾಡಿಬಿಡಿ.

ಕಾವೇರಿತೀರ, ಮೈಸೂರು

ಹಿಂದಿನ ಸಲ ಬರೆದು ಆರು ವಾರ ಆಯ್ತು. ಹೇಗಿದ್ದೀನಿ ಅಂತ ಇಬ್ಬರು ಕೇಳಿದ್ರಿ, ಅದಕ್ಕೆ ಬರೀತಿದ್ದೀನಿ.

ರೈಲಿಗೆ ಪಾಸ್ ಮಾಡಿಸಿದೆ. ಎಚ್.ಎಂ. ಮೇಡಂ ಹತ್ತಿರ ಹೇಳೋಕೆ ಮೂರು ದಿನ ಧೈರ್ಯ ಬರಲಿಲ್ಲ. ಹೇಳಿದ ಮೇಲೆ ಅವರು ಎರಡೇ ಮಾತು ಕೇಳಿ ಟೈಮ್‌ಟೇಬಲ್ ತೆಗೆದು ನನ್ನ ಮೊದಲ ಪಿರಿಯಡನ್ನ ಮೂರನೆಯದಕ್ಕೆ ಹಾಕಿದ್ರು. ಡಯಟಿಷಿಯನ್ ಹತ್ತಿರ ಹೋಗ್ತಿದ್ದೀನಿ. ಬಿಡೋ ಹಂತ ನಾಲ್ಕು ವಾರಕ್ಕೆ ಮುಗೀತು. ಚಪಾತಿ ಒಂದು ಆಗತ್ತೆ, ಎರಡು ಆಗಲ್ಲ. ಮೊಸರು ಆಗತ್ತೆ. ಬೆಳ್ಳುಳ್ಳಿ ಅರ್ಧ ಎಸಳಿಗೇ ರಾತ್ರಿಯೆಲ್ಲ ಎಚ್ಚರ. ನೋವು ಹೋಗಿಲ್ಲ. ವಾರಕ್ಕೆ ಐದು ದಿನ ಇದ್ದದ್ದು ಎರಡಕ್ಕೆ ಬಂದಿದೆ.

ಅತ್ತೆ ವಿಷಯ ಹೇಳ್ತೀನಿ. ಒಂದು ಶನಿವಾರ ರಾತ್ರಿ ಅಡುಗೆಮನೇಲಿ ಅವರ ಪಕ್ಕ ನಿಂತು, ಹೆಸರುಕಾಳು ನೆನೆಸಿದ್ದ ಪಾತ್ರೆ ತೋರಿಸಿ, ರಾತ್ರಿಪಾಳಿ ಅವರು ಬರೆದಿದ್ದನ್ನ ಮಕ್ಕಳಿಗೆ ಹೇಳೋ ಹಾಗೆ ಹೇಳಿದೆ. ನೀರಿನ ಮೇಲಿದ್ದ ನೊರೆ ನೋಡ್ತಾ ಸುಮ್ಮನೆ ನಿಂತಿದ್ರು. ಆಮೇಲೆ "ಹಸಕ್ಕೆ ಹಸಿ ಕುದ್ರೆಮೆಂತೆ ಜಾಸ್ತಿ ಹಾಕುದ್ರೆ ಹೊಟ್ಟೆ ಉಬ್ಬುಸ್ಕತದಲ್ಲ, ಹಂಗಾ?" ಅಂದ್ರು. ಹಂಗೇ ಅತ್ತೆ ಅಂದೆ. "ಮೊದ್ಲೇ ಹಿಂಗೆ ಹೇಳ್ಬಾರ್ದಾಗಿತ್ತಾ. ನಮ್ಮಟ್ಟೀಲಿ ಒಂದು ಹಸ ಹಂಗೇ ಒದ್ದಾಡಿತ್ತು ಕಣವ್ವ, ನೋಡಕ್ಕಾಗ್ತಿರ್ಲಿಲ್ಲ" ಅಂತ ನನ್ನ ಬೆನ್ನು ಸವರಿದ್ರು.

ಮಾರನೇ ದಿನ ಒಲೆ ಮೇಲೆ ಎರಡು ಪಾತ್ರೆ. ಚಿಕ್ಕದರಲ್ಲಿ ದಂಟಿನ ಸೊಪ್ಪು, ಬೀನ್ಸ್ ಬೇಯಿಸಿ ಬಸಿದ ನೀರು, ಖಾರಕ್ಕೆ ಬರೀ ಮೆಣಸು, ಜೀರಿಗೆ, ಕಾಯಿ. ಒಗ್ಗರಣೆಗೆ ಬೆಳ್ಳುಳ್ಳಿ ಎಣ್ಣೆ, ಎಸಳು ಒಂದೊಂದೇ ಎಣಿಸಿ ತಟ್ಟೆಗೆ ತೆಗೆದಿಟ್ಟಿದ್ರು, ಐದು. ಮುದ್ದೆ ಜೊತೆ ಎರಡು ಸೌಟು ಹಾಕಿಸ್ಕೊಂಡೆ.

ಇವತ್ತು ಶನಿವಾರ. ಡಯಟಿಷಿಯನ್ ಕಾಳು ಸ್ವಲ್ಪ ಹಾಕಿ ನೋಡಿ ಅಂದಿದ್ದಾರೆ. ಕಾಲು ಬಟ್ಟಲು ಹೆಸರುಕಾಳು ಬೇರೆ ಲೋಟದಲ್ಲಿ ನೆನೆಸಿ, ಎರಡು ಸಲ ನೀರು ಬದಲಾಯಿಸಿ, ಮೇಲೆ ತಟ್ಟೆ ಮುಚ್ಚಿ ಇಟ್ಟಿದ್ದಾರೆ ಅತ್ತೆ. ನಾಳೆ ಸಾಯಂಕಾಲ ಬಂದು ಬರೀತೀನಿ.